ಇವತ್ತು ಯಾವ ಸೀರೆ?

ಅಪ್ಪ ದಿನಾ ಬೆಳಗ್ಗೆ ಗಾಡಿ ಹತ್ತುವ ಮುಂಚೆ ಅಡುಗೆಮನೆಯ ಬಾಗಿಲಿಗೆ ಬಂದು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದ.

“ಇವತ್ತು ಯಾವ ಸೀರೆ ಉಡ್ತೀಯ?”

ನಾನು ಕಾಫಿ ಸೋಸುತ್ತಲೋ ತಲೆ ಬಾಚುತ್ತಲೋ ಬಾಯಿಗೆ ಬಂದ ಬಣ್ಣ ಹೇಳುತ್ತಿದ್ದೆ. ಹಸಿರು, ನೀಲಿ, ಅರಿಶಿನ. ಒಲೆ ಮುಂದಿದ್ದ ಅಮ್ಮ ತಿರುಗಿಯೂ ನೋಡದೆ ಗೊಣಗುತ್ತಿದ್ದಳು. “ಮದ್ವೆಯಾಗಿ ಇಷ್ಟ್ ವರ್ಸ ಆತು, ನನ್ನ ಸೀರೆ ಬಣ್ಣ ಒಂದಿನ ಕೇಳ್ಲಿಲ್ಲ ಈವಯ್ಯ. ಮಗಳ ಸೀರೆ ಕಟ್ಕೊಂಡು ಏನಾಗ್ಬೇಕೋ!” ಅಪ್ಪ ನಗುತ್ತಿದ್ದ. ಉತ್ತರ ಸಿಕ್ಕ ಮೇಲೆ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದ. ಇದು ಒಂದೆರಡು ವರ್ಷದಿಂದ ಶುರುವಾದ ಅಭ್ಯಾಸ. ವಯಸ್ಸಾದಂತೆ ಗಂಡಸರಿಗೆ ಹೆಣ್ಣುಮಕ್ಕಳ ಮೇಲೆ ಅಕ್ಕರೆ ಹೆಚ್ಚುತ್ತದೆ ಎಂದುಕೊಂಡು ನಾನು ಒಳಗೊಳಗೇ ಬೀಗುತ್ತಿದ್ದೆ. ಕೆಲವು ದಿನ ಸಿಡುಕಿದ್ದೂ ಉಂಟು. “ಯಾವುದೋ ಒಂದು ಉಡ್ತೀನಿ, ಹೋಗಪ್ಪ” ಎಂದರೆ ಅವನು ಹೋಗುತ್ತಿರಲಿಲ್ಲ. ಬಣ್ಣ ಹೇಳುವವರೆಗೂ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿರುತ್ತಿದ್ದ.

ನಾವು ಉದ್ದನಪಲ್ಲಿಯವರು. ನನ್ನ ಕೆಲಸ ಹೊಸೂರಿನ ಅಂಚಿನ ಚೆಕ್‌ಪೋಸ್ಟಿನಲ್ಲಿ. ಅತ್ತಿಬೆಲೆ ಕಡೆಯಿಂದ ತಮಿಳುನಾಡಿಗೆ ಬರುವ ಗಾಡಿಗಳು ಅಲ್ಲಿ ನಿಂತು ಸಾರಿಗೆ ಇಲಾಖೆಯ ಕಿಟಕಿಯಲ್ಲಿ ಕಾಗದ ತೋರಿಸಿ ಮುಂದೆ ಹೋಗಬೇಕು. ತೆರಿಗೆ ಕಟ್ಟುವುದೆಲ್ಲ ಈಗ ಫೋನಿನಲ್ಲೇ ಮುಗಿಯುತ್ತದೆ. ಆದರೂ ಆ ಕಾಗದವನ್ನು ತಂದು, ಕಿಟಕಿಯ ಗಾಜಿನ ಕೆಳಗಿನ ಕಂಡಿಯಲ್ಲಿ ಒಳಗೆ ತಳ್ಳಿ, ಪರ್ಮಿಟ್ಟಿನ ಮೇಲೆ ಮುದ್ರೆ ಒತ್ತಿಸಿಕೊಳ್ಳುವುದು ತಪ್ಪಿಲ್ಲ. ಮುದ್ರೆ ಒತ್ತುವವಳು ನಾನು. ದಿನವಿಡೀ ನನ್ನ ಕಿಟಕಿಗೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಸುಳ್ಳು ಬರುತ್ತದೆ. ನಾನೂ ಮೂರರಲ್ಲೂ ಗದರಬಲ್ಲೆ. ಡ್ರೈವರುಗಳು ನನ್ನನ್ನು ಬೆನ್ನ ಹಿಂದೆ ಏನೆಂದು ಕರೆಯುತ್ತಾರೆಂಬುದು ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ಮದುವೆ ಎಂಬ ಗಾಡಿಗೆ ನಾನು ಪರ್ಮಿಟ್ ಕೊಡಲಿಲ್ಲವಾದ್ದರಿಂದ ಅಪ್ಪ ಅಮ್ಮನ ಜೊತೆಗೇ ಇದ್ದೇನೆ. ಬೆಳಗ್ಗೆ ರಾಯಕೋಟೆ ಕಡೆಯಿಂದ ಬರುವ ಬಸ್ಸು ಹಿಡಿದು ಹೊಸೂರಿಗೆ ಹೋಗುತ್ತೇನೆ.

ಅಪ್ಪ ಮಿನಿಲಾರಿ ಓಡಿಸುತ್ತಿದ್ದ. ಗಡಿಯ ಆಚೆ, ಕರ್ನಾಟಕದ ಒಂದು ನರ್ಸರಿಯ ಗಾಡಿ ಅದು. ರಾತ್ರಿ ನಮ್ಮ ಮನೆ ಮುಂದೆಯೇ ನಿಲ್ಲುತ್ತಿತ್ತು. ಬೆಳಗ್ಗೆ ಖಾಲಿ ಹೋಗಿ, ಟೊಮೇಟೊ ಸಸಿ, ಮೆಣಸಿನ ಸಸಿ, ಎಲೆಕೋಸಿನ ಸಸಿ ತುಂಬಿದ ಟ್ರೇಗಳನ್ನು ಹೇರಿಕೊಂಡು ಹತ್ತು ಗಂಟೆಯ ಹೊತ್ತಿಗೆ ಗಡಿ ದಾಟಿ ನಮ್ಮ ಕಡೆಯ ಹೊಲಗಳಿಗೆ ತಲುಪಿಸುವುದು ಅವನ ಕೆಲಸ. ಗಾಡಿ ಕರ್ನಾಟಕದ ನಂಬರಿನದು. ಹಾಗಾಗಿ ನನ್ನ ಕಿಟಕಿ ತಪ್ಪುತ್ತಿರಲಿಲ್ಲ.

ನನಗೆ ಈ ಕೆಲಸ ಸಿಕ್ಕ ದಿನವೇ ಅಪ್ಪ ಎರಡು ಕಟ್ಟುಪಾಡು ಹಾಕಿದ. ಮನೆಯಲ್ಲಿ ಚೆಕ್‌ಪೋಸ್ಟಿನ ಮಾತು ಆಡಬಾರದು. ಚೆಕ್‌ಪೋಸ್ಟಿನಲ್ಲಿ ಮನೆಯ ಮಾತು ಆಡಬಾರದು. “ನಾಳೆ ಯಾರಾದ್ರೂ ಮಗಳು ಅಂತ ಬುಟ್ಬುಟ್ಳು ಅಂದ್ರೆ ನಿಂಗೂ ಮರ್ವಾದೆ ಇಲ್ಲ, ನಂಗೂ ಇಲ್ಲ” ಎಂದಿದ್ದ. ಅದರಂತೆಯೇ ನಡೆದ. ಎಲ್ಲರಂತೆ ಸಾಲಿನಲ್ಲಿ ನಿಲ್ಲುತ್ತಿದ್ದ. ತನ್ನ ಸರದಿ ಬಂದಾಗ ಕೊರಳು ಸ್ವಲ್ಪ ಬಗ್ಗಿಸಿ “ನಮಸ್ಕಾರ ಮೇಡಂ” ಎಂದು ಕಾಗದ ತಳ್ಳುತ್ತಿದ್ದ. ನಾನು “ಇನ್ಶೂರೆನ್ಸ್ ತೋರಿಸಿ” ಎನ್ನುತ್ತಿದ್ದೆ. ಅವನು ತೋರಿಸುತ್ತಿದ್ದ. ಬೆಳಗ್ಗೆ ನನ್ನ ತಟ್ಟೆಯಿಂದ ದೋಸೆಯ ತುದಿ ಮುರಿದುಕೊಂಡ ಅದೇ ಕೈ. ಮೊದಲ ದಿನ ನನ್ನ ಮುದ್ರೆ ಓರೆಯಾಗಿ ಬಿದ್ದಿತ್ತು. ಆಮೇಲೆ ರೂಢಿಯಾಯಿತು. ಸಾಲಿನವರಲ್ಲಿ ಅರ್ಧ ಜನಕ್ಕೆ ಅವನು ನನ್ನ ಅಪ್ಪ ಎಂಬುದೇ ಗೊತ್ತಿರಲಿಲ್ಲ.

ಒಂದು ದಿನ ಹಸಿರು ಸೀರೆ ಎಂದು ಹೇಳಿದ್ದೆ. ಅದು ಒಣಗಿರಲಿಲ್ಲ, ಹಳದಿ ಉಟ್ಟು ಹೋದೆ. ಅವತ್ತು ಅಪ್ಪ ಕಿಟಕಿಗೆ ಬಂದವನು ಕಾಗದ ಕೊಡದೆ, ನನ್ನನ್ನೇ ನೋಡುತ್ತ, “ಮೇಡಂ ಇಲ್ವಾ ಇವತ್ತು?” ಎಂದು ಕೇಳಿದ. ತಮಾಷೆ ಮಾಡುತ್ತಿದ್ದಾನೆಂದುಕೊಂಡೆ. ನಾನೂ ಬಿಗಿಯಾಗಿ “ಯಾವ ಮೇಡಂ ಬೇಕಾಗಿತ್ತು?” ಎಂದೆ. ದನಿ ಕೇಳಿದ ಮೇಲೆ ಅವನು ನಕ್ಕ. ಹಿಂದೆ ನಿಂತವರೂ ನಕ್ಕರು. ಆ ನಗುವನ್ನು ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಇನ್ನೊಂದು ವಿಷಯ ಹೇಳಬೇಕು. ನಾನು ಓದಿದ್ದು ತಮಿಳು ಶಾಲೆಯಲ್ಲಿ. ಇಷ್ಟು ಕನ್ನಡ ಬರೆಯುತ್ತಿದ್ದೇನಲ್ಲ, ಇದರ ಅಕ್ಷರ ಕಲಿತದ್ದು ಲಾರಿಗಳ ಬೆನ್ನಿನಿಂದ. ರಜೆ ಬಂದರೆ ಅಪ್ಪ ನನ್ನನ್ನು ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಆಗಲೂ ಇದೇ ಗಡಿ, ಇದೇ ಸಾಲು. ಗಾಡಿ ನಿಂತಲ್ಲೇ ನಿಂತಿರುತ್ತಿತ್ತು. “ಮುಂದ್ಲ ಗಾಡೀಲಿ ಏನ್ ಬರ್ದೈತೆ, ಓದು” ಎನ್ನುತ್ತಿದ್ದ. ನಾನು ಕೂಡಿಸಿ ಕೂಡಿಸಿ ಓದುತ್ತಿದ್ದೆ. ತಾಯಿಯ ಆಶೀರ್ವಾದ. ಹಾರನ್ ಮಾಡಿ. ನಿಧಾನವೇ ಪ್ರಧಾನ. ಒತ್ತಕ್ಷರದಲ್ಲಿ ಎಡವಿದರೆ ನನ್ನ ಅಂಗೈ ಮೇಲೆ ಬೆರಳಿನಿಂದ ಬರೆದು ತೋರಿಸುತ್ತಿದ್ದ. ದೊಡ್ಡವಳಾದ ಮೇಲೆ ಅದೇ ತರಹ ಗಾಡಿ ಓಡಿಸುವುದನ್ನೂ ಕಲಿಸಿದ, ನಮ್ಮೂರ ಒಣಗಿದ ಕೆರೆಯ ಅಂಗಳದಲ್ಲಿ.

ಆ ಸೋಮವಾರ ಬೆಳಗ್ಗೆ ನಾನು ಕೆಂಪು ಎಂದಿದ್ದೆ. ಕೆಂಪೇ ಉಟ್ಟಿದ್ದೆ.

ಭಾನುವಾರ ಅಪ್ಪನ ಗಾಡಿಗೆ ರಜೆ. ಹಿಂದಿನ ಶನಿವಾರ ಸಂಜೆ ನಮ್ಮ ಕಚೇರಿಯಲ್ಲಿ ನನ್ನ ಕೌಂಟರನ್ನು ಪಕ್ಕದ ಕೋಣೆಗೆ ಬದಲಾಯಿಸಿದ್ದರು. ಹೊಸ ಕಿಟಕಿ ಗಾಡಿ ನಿಲ್ಲಿಸುವ ಬಯಲಿನ ಕಡೆಗೆ. ಹಳೆಯ ಕಿಟಕಿಯ ಪಕ್ಕ ಬಾಣದ ಗುರುತು ಹಾಕಿದ ದೊಡ್ಡ ಬೋರ್ಡು ನಿಲ್ಲಿಸಿದ್ದರು. ಹಳೆಯ ಕೋಣೆಗೆ ಹಿಂದಿನ ವರ್ಷಗಳ ಕಡತಗಳನ್ನು ತಂದು ತುಂಬಿದ್ದರು. ಕಡತಗಳೆಂದರೆ ಗೊತ್ತಲ್ಲ, ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿದ ದೊಡ್ಡ ದೊಡ್ಡ ಕಟ್ಟುಗಳು. ಬೇರೆ ಜಾಗ ಸಾಲದೆ ನನ್ನ ಹಳೆಯ ಕುರ್ಚಿಯ ಮೇಲೂ ಪೇರಿಸಿದ್ದರು. ಕಟ್ಟುಪಾಡಿನ ಪ್ರಕಾರ ನಾನು ಈ ವಿಷಯ ಮನೆಯಲ್ಲಿ ಹೇಳಿರಲಿಲ್ಲ. ಹೇಳುವ ಅಗತ್ಯವೂ ಕಂಡಿರಲಿಲ್ಲ, ಬೋರ್ಡು ಕುರುಡರಿಗೂ ಕಾಣುವ ಹಾಗಿದೆ ಎಂದು ನಾನೇ ಆವತ್ತು ಯಾರಿಗೋ ಹೇಳಿದ್ದೆ.

ಹತ್ತು ಗಂಟೆ ದಾಟಿತ್ತು. ಹೊಸ ಕಿಟಕಿಯಲ್ಲಿ ಸಾಲು ಸಾಗುತ್ತಿತ್ತು. ಪಕ್ಕದ ಕೋಣೆಯ ಕಡೆಯಿಂದ ದನಿ ಕೇಳಿಸಿತು. “ನಮಸ್ಕಾರ ಮೇಡಂ.”

ಅಪ್ಪನ ದನಿ. ನಾನು ಎದ್ದು ಎರಡು ಕೋಣೆಯ ನಡುವಿನ ಬಾಗಿಲಲ್ಲಿ ಇಣುಕಿದೆ. ಅಪ್ಪ ಹಳೆಯ ಕಿಟಕಿಯ ಹೊರಗೆ ಒಬ್ಬನೇ ನಿಂತಿದ್ದ. ಗಾಜಿನ ಕೆಳಗಿನ ಕಂಡಿಯಲ್ಲಿ ಕಾಗದ ತಳ್ಳಿಯಾಗಿತ್ತು. ಕೊರಳು ಬಗ್ಗಿಸಿ, ಮುಖದಲ್ಲಿ ಆ ದಿನನಿತ್ಯದ ಸಣ್ಣ ನಗು ಇಟ್ಟುಕೊಂಡು, ನನ್ನ ಕುರ್ಚಿಯ ಮೇಲಿನ ಕೆಂಪು ಕಟ್ಟುಗಳ ಜೊತೆ ಮಾತಾಡುತ್ತಿದ್ದ.

“ಏನ್ ಮೇಡಂ, ಇವತ್ತು ಸಾಲೇ ಇಲ್ಲ. ಎಲೆಕೋಸು ಸಸಿ ಮೇಡಂ, ಬಿಸ್ಲಿಗೆ ಬಾಡೋಯ್ತದೆ. ಒಸಿ ಬೇಗ ಮುದ್ರೆ ಒತ್ಬುಡಿ.”

ನನಗೆ ನಗು ಬಂತು. ನಿಜ ಹೇಳುತ್ತೇನೆ, ಮೊದಲು ನಗುವೇ ಬಂತು. ಕಡತಕ್ಕೆ ಕೈಮುಗಿದು ನಿಂತಿದ್ದಾನಲ್ಲ, ಸಂಜೆ ಅಮ್ಮನಿಗೆ ಹೇಳಿ ಕಾಡಿಸಬೇಕು ಎಂದುಕೊಂಡೆ. ಅಪ್ಪ ಕಾಯುತ್ತಲೇ ಇದ್ದ. ಉತ್ತರ ಬಾರದಿದ್ದಾಗ ನಗುವನ್ನು ಇನ್ನಷ್ಟು ಅಗಲ ಮಾಡಿದ. “ಕ್ವಾಪಾನಾ ಮೇಡಂ?” ಎಂದ. ನನ್ನ ನಗು ಅಲ್ಲಿಗೆ ನಿಂತಿತು. ಇವತ್ತು ಯಾವ ಸೀರೆ, ಇವತ್ತು ಯಾವ ಸೀರೆ ಎಂದು ಎರಡು ವರ್ಷದಿಂದ ಬಾಗಿಲಲ್ಲಿ ನಿಂತು ಏಕೆ ಕೇಳುತ್ತಿದ್ದ ಎಂಬುದು ಆಗ ಗೊತ್ತಾಯಿತು.

ನನ್ನ ಸ್ವಭಾವಕ್ಕೆ ದುಃಖ ಬಂದರೂ ಅದು ಸಿಟ್ಟಿನ ದಾರಿಯಲ್ಲೇ ಬರುತ್ತದೆ. ದಡದಡ ಹೊರಗೆ ಹೋದೆ. “ಇಲ್ಲಿ ಬನ್ನಿ” ಎಂದೆ. ಅಪ್ಪ ದನಿ ಬಂದ ಕಡೆ ತಿರುಗಿದ. ನನ್ನ ಕೆಂಪು ನೋಡಿದ. ಮತ್ತೆ ಕಿಟಕಿಯ ಒಳಗಿನ ಕೆಂಪು ನೋಡಿದ. ಕಂಡಿಯಲ್ಲಿ ಕೈ ಹಾಕಿ ಕಾಗದ ವಾಪಸು ತೆಗೆದುಕೊಂಡು ಜೇಬಿಗೆ ಇಟ್ಟುಕೊಂಡ.

ನಾನು ಅವನ ತೋಳು ಹಿಡಿದು ಬಯಲಿಗೆ ಕರೆದುಕೊಂಡು ಹೋಗಿ ಅವನ ಗಾಡಿಯ ಪಕ್ಕದಲ್ಲಿ ನಿಲ್ಲಿಸಿದೆ. ಹತ್ತು ಹೆಜ್ಜೆ ಮುಂದೆ ಒಂದು ಟ್ಯಾಂಕರ್ ನಿಂತಿತ್ತು. ಅದರ ಬೆನ್ನ ಮೇಲೆ ಆಳೆತ್ತರದ ಎರಡೇ ಅಕ್ಷರ, ಹಾಲು.

“ಮುಂದಿನ ಗಾಡೀಲಿ ಏನು ಬರೆದಿದೆ, ಓದಿ.”

ಅಪ್ಪ ಕಣ್ಣು ಕಿರಿದು ಮಾಡಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ, “ಹಾರನ್ ಮಾಡಿ ಅಂತ” ಎಂದ.

“ಅಲ್ಲ.”

“ಎಲ್ಲಾ ಲಾರೀಲೂ ಅದೇ ತಾನೇ ಇರ್ತದೆ” ಎಂದು ನಗಲು ನೋಡಿದ. ನಾನು ನಗಲಿಲ್ಲ. ಎಷ್ಟು ದಿನದಿಂದ ಹೀಗೆ, ಡಾಕ್ಟರಿಗೆ ಏಕೆ ತೋರಿಸಲಿಲ್ಲ, ಯಾರಿಗಾದರೂ ಗುದ್ದಿದ್ದರೆ ಏನು ಗತಿ, ಒಂದು ಶಾಲೆ ಮಗು ಅಡ್ಡ ಬಂದಿದ್ದರೆ? ಕಿಟಕಿಯಲ್ಲಿ ಸಿಕ್ಕಿಬಿದ್ದ ಡ್ರೈವರನ್ನು ಗದರುವಂತೆ ಗದರಿದೆ. ಅಪ್ಪ ಗಾಡಿಯ ಬಾಗಿಲಿಗೆ ಕೈ ಊರಿ ಎಲ್ಲವನ್ನೂ ಕೇಳಿಸಿಕೊಂಡ. ಆ ಹೊತ್ತಿನಲ್ಲೂ ಅವನು ಕಟ್ಟುಪಾಡು ಮುರಿಯಲಿಲ್ಲ.

“ರೋಡ್ ಕಾಣ್ತದೆ ಮೇಡಂ” ಎಂದ. “ಗಾಡಿ ಕಾಣ್ತದೆ, ಜನ ಕಾಣ್ತಾರೆ. ಮಕ ಅಷ್ಟೇ ಕಾಣ್ಸಲ್ಲ. ಗಾಡಿ ಬುಟ್ಬುಡೋಣ ಅಂತ ಸುಮಾರ್ ಸಲ ಅಂದ್ಕೊಂಡೆ. ಬುಟ್ರೆ ಮನೇಲ್ ಕೂತ್ಕೊಬೇಕು. ದಿನಾ ಒಂದ್ಸಲ ನಿಮ್ಮ ಕಿಟಕಿ ಮುಂದೆ ನಿಲ್ಲೋದು ತಪ್ಪೋಯ್ತದಲ್ಲ.”

ನನ್ನ ಮುಖ ಕಾಣದವನು ನನ್ನನ್ನು ನೋಡಲೆಂದೇ ದಿನಾ ಬರುತ್ತಿದ್ದ. ನಾನೋ, ಕಣ್ಣು ನೆಟ್ಟಗಿದ್ದವಳು, ಅವನ ಕಾಗದ ನೋಡಿ ಕಳಿಸುತ್ತಿದ್ದೆ. ಗಾಡಿಯ ಬ್ರೇಕು, ಗಾಡಿಯ ದೀಪ, ಹೊಗೆಯ ಸರ್ಟಿಫಿಕೇಟು, ಎಲ್ಲ ಕೇಳುತ್ತಿದ್ದೆ. ಎದುರು ನಿಂತವನ ಕಣ್ಣೊಳಗೆ ಒಂದು ದಿನ ನೋಡಿರಲಿಲ್ಲ. ಆವತ್ತು ಬಿಸಿಲಲ್ಲಿ ನೋಡಿದೆ. ಕಪ್ಪು ಗುಡ್ಡೆಯ ಮೇಲೆ ಗಂಜಿಯ ಕೆನೆಯ ಹಾಗೆ ಬೆಳ್ಳಗೆ ಪೊರೆ ಕಟ್ಟಿತ್ತು.

“ಕೀ ಕೊಡಿ” ಎಂದೆ. ಅಪ್ಪ ಜೇಬಿಗೆ ಕೈ ಹಾಕಿ, ತಡೆದು, ಆಮೇಲೆ ಕೊಟ್ಟ. ಕೀ ಬಿಸಿಯಾಗಿತ್ತು.

ನಮ್ಮ ಇನ್ಸ್‌ಪೆಕ್ಟರ್ ಸಾರ್ ಮಧುರೆ ಕಡೆಯವರು, ಹೆಚ್ಚು ಮಾತಿನವರಲ್ಲ. ಅವರಿಗೆ ಹೇಳದೆ ಇರುವ ಹಾಗಿರಲಿಲ್ಲ. ಸ್ವಂತ ಅಪ್ಪನ ಮೇಲೆ ನಾನೇ ಹೋಗಿ ವರದಿ ಒಪ್ಪಿಸಿದೆ, ತಮಿಳಿನಲ್ಲಿ, ಅಳದೆ. ಅವರು ಹೊರಗೆ ಬಂದು ಅಪ್ಪನನ್ನು ನೆರಳಲ್ಲಿ ಕೂರಿಸಿ ಕಣ್ಣು ನೋಡಿದರು. “ಅಪ್ಪಾ ಇನಿಮೇ ವಂಡಿ ಓಟ್ಟಕ್ಕೂಡಾದು” ಎಂದರು, ಇನ್ನು ಮೇಲೆ ಗಾಡಿ ಓಡಿಸಕೂಡದು ಎಂದು. ಲೈಸೆನ್ಸ್ ಇರುವ ಬೇರೆ ಯಾರಾದರೂ ಬಂದರೆ ಗಾಡಿ ಹೋಗಬಹುದು ಎಂದೂ ಹೇಳಿದರು. ನರ್ಸರಿಗೆ ಫೋನ್ ಮಾಡಿದರೆ ಬೇರೆ ಡ್ರೈವರ್ ಮಧ್ಯಾಹ್ನದ ಮೇಲೆ ಬರುತ್ತಾನಂತೆ. ಮೇಲೆ ಬಿಸಿಲು ಏರುತ್ತಿತ್ತು. ಉದ್ದನಪಲ್ಲಿಯ ಹೊಲದಲ್ಲಿ ಸಾಲಿಗೆ ನೀರು ಬಿಟ್ಟುಕೊಂಡು ನಾಟಿಯ ಹೆಂಗಸರು ಕಾಯುತ್ತಿದ್ದರು.

“ನನ್ನ ಹತ್ತಿರ ಲೈಸೆನ್ಸ್ ಇದೆ ಸಾರ್” ಎಂದೆ.

ಅವರು ನನ್ನನ್ನು ನೋಡಿದರು, ನನ್ನ ಸೀರೆ ನೋಡಿದರು, ಮಿನಿಲಾರಿ ನೋಡಿದರು. ನನ್ನ ಲೈಸೆನ್ಸನ್ನು ಎರಡು ಸಲ ತಿರುಗಿಸಿ ನೋಡಿ, ಅರ್ಧ ದಿನದ ರಜೆ ಬರೆದುಕೊಡು ಎಂದರು.

ಹಾಗೆ ನಾನು ಮೊದಲ ಸಲ ಕಿಟಕಿಯ ಹೊರಗಿನ ಸಾಲಿನಲ್ಲಿ ನಿಂತೆ. ಒಳಗೆ ನನ್ನ ಜಾಗದಲ್ಲಿ ಸಹೋದ್ಯೋಗಿ ಕೂತಿದ್ದಳು. “ಡ್ರೈವರ್ ಯಾರು?” ಎಂದು ಪದ್ಧತಿ ಪ್ರಕಾರವೇ ಕೇಳಿದಳು. “ನಾನೇ ಮೇಡಂ” ಎಂದೆ. ಕಂಡಿ ಎಷ್ಟು ಕೆಳಗಿದೆಯೆಂದರೆ ಕಾಗದ ತಳ್ಳಲು ಯಾರೇ ಆದರೂ ತಲೆ ಬಗ್ಗಿಸಲೇಬೇಕು. ಇಷ್ಟು ವರ್ಷ ಒಳಗೆ ಕೂತವಳಿಗೆ ಅದು ಗೊತ್ತಿರಲಿಲ್ಲ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿ ಹತ್ತಿದೆ. ಅಪ್ಪ ಪಕ್ಕದ ಸೀಟಿನಲ್ಲಿ ಕೂತ. ಬಯಲು ದಾಟುವಾಗ ಗೇರು ಕಿರ್ರೆಂದಿತು. ಡ್ರೈವರುಗಳೆಲ್ಲ ಬಾಯಿ ತೆರೆದು ನೋಡುತ್ತಿದ್ದರು. ಒಬ್ಬ ಶಿಳ್ಳೆ ಹಾಕಿದ. ಅವನ ಗಾಡಿ ನಂಬರ್ ನೋಡಿಟ್ಟುಕೊಂಡಿದ್ದೇನೆ.

ಹೊಸೂರಿನ ಗದ್ದಲ ಕಳೆದು ರಾಯಕೋಟೆ ರಸ್ತೆಗೆ ಬಿದ್ದ ಮೇಲೆ ಅಪ್ಪನಿಗೆ ಸ್ವಲ್ಪ ಜೀವ ಬಂತು. ಬಲಗಾಲಿನಲ್ಲಿ ಇಲ್ಲದ ಬ್ರೇಕು ಒತ್ತುತ್ತಲೇ ಇದ್ದ. “ಮುಂದೆ ಒಂದು ಹಂಪ್ ಐತೆ, ನಿಧಾನ” ಎಂದ. ನಾನು ನೋಡಿದರೆ ಎಲ್ಲೂ ಇಲ್ಲ, ಆಮೇಲೆ ತಿರುವಿನಾಚೆ ಬಂತು. “ಈಗ ತೊರಪಲ್ಲಿ ದಾರಿ ಬತ್ತದೆ, ಎಡಗಡೆಯಿಂದ ಬೈಕ್ನೋರು ನುಗ್ತಾರೆ.” ನುಗ್ಗಿದರು. “ಮರದ್ ನೆಳ್ಳು ಬಂತಾ? ಅಲ್ಲಿಂದಾಚೆ ಗುಂಡಿ.” ದಾರಿಯ ಒಂದೊಂದು ಮೊಳವೂ ಅವನಿಗೆ ಬಾಯಿಪಾಠವಾಗಿತ್ತು. ಇಷ್ಟು ದಿನ ಕಣ್ಣಿನಿಂದಲ್ಲ, ನೆನಪಿನಿಂದ ಓಡಿಸಿದ್ದಾನೆ ಎಂದು ತಿಳಿಯಿತು. ಯಾರಿಗೂ ಏನೂ ಆಗಲಿಲ್ಲವಲ್ಲ ಎಂದು ಊರ ದೇವರಿಗೆಲ್ಲ ಕೈಮುಗಿಯಬೇಕೆನಿಸಿತು. ಕೈ ಸ್ಟೇರಿಂಗಿನ ಮೇಲಿತ್ತು.

ಮುಂದೆ ಒಂದು ಲಾರಿ ದಾರಿ ಬಿಡದೆ ನಿಧಾನ ಸಾಗುತ್ತಿತ್ತು. ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೇ ಕೇಳಿದ, “ಮುಂದ್ಲ ಗಾಡೀಲಿ ಏನ್ ಬರ್ದೈತೆ, ಓದು.”

ಗಡಿಯಿಂದ ದೂರ ಬಂದಿದ್ದೆವು, ಅಲ್ಲಿ ಮೇಡಂ ಇರಲಿಲ್ಲ. ನಾನು ಓದಿದೆ. ಅದು ದಾಟಿದ ಮೇಲೆ ಇನ್ನೊಂದು, ಅದಾದ ಮೇಲೆ ಬಸ್ಸು, ಟ್ರ್ಯಾಕ್ಟರು, ಗೋಡೆಯ ಜಾಹೀರಾತು. ಊರು ಬರುವವರೆಗೂ ಕನ್ನಡ, ತಮಿಳು, ತೆಲುಗು ಕಂಡದ್ದೆಲ್ಲ ಗಟ್ಟಿಯಾಗಿ ಓದುತ್ತ ಹೋದೆ. ಒಂದು ಕಡೆ ಕಣ್ಣು ಮಂಜಾಗಿ ತಪ್ಪು ಓದಿದೆ. ಅಪ್ಪ ತಿದ್ದಲಿಲ್ಲ. ಹೊಲದ ಬದುವಿನಲ್ಲಿ ಗಾಡಿ ನಿಲ್ಲಿಸಿದಾಗ ನಾಟಿಯ ಹೆಂಗಸರು “ಅಯ್ಯೋ, ಅಕ್ಕ ಗಾಡಿ ಓಡಿಸ್ಕೊಂಡ್ ಬಂದವ್ಳೆ ಕಣ್ರೇ” ಎಂದು ಸುತ್ತ ನೆರೆದರು. ಸಸಿಗಳು ತುದಿ ಬಾಗಿದ್ದವು, ಬಾಡಿರಲಿಲ್ಲ.

ಕೃಷ್ಣಗಿರಿಯ ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎರಡೂ ಕಣ್ಣಿಗೆ ಪೊರೆ ಎಂದರು. ಒಂದಾದ ಮೇಲೆ ಒಂದು ತೆಗೆದರು. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತರೆ ಅಮ್ಮ, “ಸಿನಿಮಾ ಹೀರೋ, ಕಾಫಿ ತಗಳಪ್ಪ” ಎಂದು ಕಾಡಿಸುತ್ತಿದ್ದಳು. ಕಣ್ಣು ಸರಿಹೋದ ಮೇಲೆ ಪರೀಕ್ಷೆ ಮಾಡಿಸಿ ಮತ್ತೆ ಗಾಡಿ ಓಡಿಸಬಹುದು ಎಂದು ಹೇಳಿದರೂ ಅವನು ಒಪ್ಪಲಿಲ್ಲ. “ಸಾಕು. ನೀನು ಓಡ್ಸಿದ್ದು ನೋಡಿದ್ಮೇಲೆ ಯಾರ್ ಬೇಕಾದ್ರೂ ಓಡುಸ್ಬೋದು ಅಂತ ಗೊತ್ತಾಯ್ತು” ಎಂದ. ಈಗ ಸಸಿ ಬಂದ ಹೊಲಗಳಿಗೆ ಹೋಗಿ ಟ್ರೇ ಇಳಿಸಿಕೊಳ್ಳುವುದು, ಬಾಡಿದ್ದನ್ನು ಆರಿಸಿ ತೆಗೆಯುವುದು ಅವನ ಕೆಲಸ. ಬೆಳಗ್ಗೆ ಅಡುಗೆಮನೆ ಬಾಗಿಲಿಗೆ ಬರುವುದನ್ನು ಬಿಟ್ಟುಬಿಟ್ಟ. ಸೀರೆಯ ಬಣ್ಣ ಈಗ ಯಾರೂ ಕೇಳುವುದಿಲ್ಲ. ನಾನು ಉಟ್ಟು ಹೊರಡುವಾಗ ಆ ಬಾಗಿಲ ಚೌಕಟ್ಟಿನ ಕಡೆ ಒಮ್ಮೆ ನೋಡುತ್ತೇನೆ.

ಅವನು ಕಪ್ಪು ಕನ್ನಡಕ ತೆಗೆದ ದಿನವೇ ನಾನು ಊಟದ ಡಬ್ಬಿ ಮನೆಯಲ್ಲೇ ಮರೆತು ಹೋಗಿದ್ದೆ. ಮಧ್ಯಾಹ್ನಕ್ಕೆ ಮುಂಚೆ ತಲೆ ಎತ್ತಿದರೆ, ಹೊಸ ಕಿಟಕಿಯ ಸಾಲಿನಲ್ಲಿ ಡ್ರೈವರುಗಳ ನಡುವೆ ಅಪ್ಪ ನಿಂತಿದ್ದಾನೆ, ಕೈಯಲ್ಲಿ ಡಬ್ಬಿ. ಬಸ್ಸಿನಲ್ಲಿ ಬಂದಿದ್ದ. ಒಳಗೆ ಬಂದು ಕೊಟ್ಟು ಹೋಗಬಹುದಿತ್ತು. ಸಾಲು ಬಿಡಲಿಲ್ಲ. ಬಾಣದ ಬೋರ್ಡನ್ನು ದಾಟುವಾಗ ನಿಂತು, ತುಟಿ ಅಲುಗಿಸಿ ಅದರಲ್ಲಿದ್ದದ್ದನ್ನೆಲ್ಲ ಓದಿದ.

ಸರದಿ ಬಂತು. ಡಬ್ಬಿ ಕಂಡಿಯಲ್ಲಿ ಹಿಡಿಸಲಿಲ್ಲ, ಹೊರಗಿನ ಕಟ್ಟೆಯ ಮೇಲಿಟ್ಟ. “ನಮಸ್ಕಾರ ಮೇಡಂ” ಎಂದ.

“ಆಯ್ತು, ಹೋಗಿ” ಎಂದೆ, ಎಂದಿನ ಹಾಗೆ.

ಅಪ್ಪ ಹೋಗಲಿಲ್ಲ. ಗಾಜಿಗೆ ಮುಖ ಹತ್ತಿರ ತಂದು ನೋಡಿದ. ಮನೆಯಲ್ಲಿ ಕಪ್ಪು ಕನ್ನಡಕದೊಳಗಿಂದ ನೋಡಿದ್ದು ಬೇರೆ, ಇದು ಬೇರೆ. ಹಣೆ ನೋಡಿದ, ಕಣ್ಣ ಕೆಳಗೆ ನೋಡಿದ, ಬೈತಲೆ ನೋಡಿದ. ಹಿಂದಿನವರು ಬೇಗ ಬೇಗ ಎಂದರು. ಅವನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

“ಮಗಾ” ಎಂದ, ಅಷ್ಟೂ ಜನರೆದುರು, ಕಿಟಕಿಯಲ್ಲಿ ಮೊದಲ ಸಲ. “ಇಷ್ಟೊಂದು ಬಿಳಿ ಕೂದ್ಲು ಯಾವಾಗ ಬಂತು ನಿಂಗೆ?”

ಮುದ್ರೆ ನನ್ನ ಕೈಯಲ್ಲೇ ಇತ್ತು.

“ನೀನು ಸೀರೆ ನೋಡ್ತಿದ್ದಾಗ ಬಂತು ಕಣಪ್ಪ” ಎಂದೆ.